ಹಾಸಿಗೆ ಇದ್ದಷ್ಟು ಕಾಲು ಚಾಚು: ಕ್ಷಯರೋಗ ನಿಯಂತ್ರಣದಿಂದ ಒಂದು ಪಾಠ



ನಮ್ಮ ಫಾಲೋಫೀಲ್ಡ್ ಶಾಲೆಯ ಹಿರಿಯ ಕನ್ನಡ ತರಗತಿಯಲ್ಲಿ ಒಂದು ದಿನ ವಿರುದ್ಧ ಪದಗಳ ಅಭ್ಯಾಸ ನಡೆಯುತ್ತಿತ್ತು. ನ್ಯಾಯ – ಅನ್ಯಾಯ, ಶಾಂತಿ – ಅಶಾಂತಿ ಎಂದು ಬರೆಯುತ್ತಾ ಬಂದು, ಕ್ಷಯ – ಅಕ್ಷಯ ಎಂದು ಬೋರ್ಡಿನ ಮೇಲೆ ಬರೆದೆ. ಅಕ್ಷಯ ಎಲ್ಲರಿಗೂ ಗೊತ್ತಿತ್ತು. ಅಕ್ಷಯ ತೃತೀಯ ಗೊತ್ತು, ದ್ರೌಪದಿಯ ಅಕ್ಷಯಪಾತ್ರೆಯ ಕಥೆಯೂ ಗೊತ್ತು. ಆದರೆ ಕ್ಷಯ ಎಂದರೇನು ಎಂದು ಕೇಳಿದಾಗ ಒಬ್ಬ ಹುಡುಗ ಮಾತ್ರ ಕೈ ಎತ್ತಿದ.

“ಮಿಸ್, ಕ್ಷಯ ಅಂದ್ರೆ ಟಿ.ಬಿ. ಅಲ್ವಾ? ನಾವು ಇಲ್ಲಿಗೆ ಬರೋಕೆ ಮುಂಚೆ ವೀಸಾಕ್ಕೆ ಅಂತ ಅಪ್ಪ ಅಮ್ಮಂಗೆ ಎಕ್ಸ್‌ರೇ ತೆಗೆದಿದ್ರು. ಔಷಧಿ ಇದೆ ಅಂತಾರಲ್ಲ, ಮತ್ತೆ ಇಂಡಿಯಾದಲ್ಲಿ ಅದು ಇನ್ನೂ ಯಾಕೆ ಹೋಗಿಲ್ಲ? ದುಡ್ಡಿಲ್ಲ ಅಂತಾನಾ?”

ಒಳ್ಳೆಯ ಪ್ರಶ್ನೆ. ಆ ದಿನ ತರಗತಿ ಮುಗಿಯುವುದರೊಳಗೆ ಅದಕ್ಕೆ ಉತ್ತರ ಹೇಳಲು ಆಗಲಿಲ್ಲ. ಹುಡುಕುತ್ತಾ ಹೋದಾಗ ಆ ಉತ್ತರದ ಮುಖ್ಯ ಭಾಗ ನಮ್ಮ ಕರ್ನಾಟಕದಲ್ಲೇ, ಬೆಂಗಳೂರು ಮತ್ತು ತುಮಕೂರಿನಲ್ಲೇ ಸಿಕ್ಕಿತು. ಅದನ್ನು ಈ ವರ್ಷದ ಸಂಚಿಕೆಯಲ್ಲಿ ಪಾಠದ ರೂಪದಲ್ಲಿ ಕೊಡುತ್ತಿದ್ದೇನೆ. ಮಕ್ಕಳು ಲೆಕ್ಕಗಳನ್ನು ಮಾಡುತ್ತಾ ಓದಬೇಕು. ಪೋಷಕರು ಕೊನೆಯ ಭಾಗವನ್ನು ತಪ್ಪದೆ ಓದಬೇಕು.

1. ಮೊದಲು ಪದದ ಅರ್ಥ

ಕ್ಷಯ ಎಂದರೆ ಸವೆಯುವುದು, ಕರಗುವುದು, ಕಡಿಮೆಯಾಗುತ್ತಾ ಹೋಗುವುದು. ಹುಣ್ಣಿಮೆಯ ನಂತರ ಚಂದ್ರ ದಿನದಿನಕ್ಕೆ ಕ್ಷಯಿಸುತ್ತಾನೆ. ಇಪ್ಪತ್ತೇಳು ಪತ್ನಿಯರಲ್ಲಿ ರೋಹಿಣಿಯನ್ನು ಮಾತ್ರ ಪ್ರೀತಿಸಿದ್ದಕ್ಕೆ ದಕ್ಷನು ಚಂದ್ರನಿಗೆ ಕ್ಷಯರೋಗ ಬರಲೆಂದು ಶಾಪ ಕೊಟ್ಟ ಕಥೆ ಪುರಾಣದಲ್ಲಿದೆ. ಆಯುರ್ವೇದದಲ್ಲಿ ಈ ರೋಗಕ್ಕೆ ರಾಜಯಕ್ಷ್ಮ ಎಂಬ ಹೆಸರೂ ಇದೆ. ಹಳೆಯ ಇಂಗ್ಲಿಷಿನಲ್ಲಿ ಇದನ್ನು ‘ಕನ್ಸಂಪ್ಷನ್’ ಎನ್ನುತ್ತಿದ್ದರು. ಮೈಯನ್ನು ತಿಂದುಹಾಕುವ ರೋಗ ಎಂದೇ ಅದರ ಅರ್ಥ. ಎರಡು ದೇಶದ ಜನ ಒಂದೇ ಸಂಕಟವನ್ನು ಕಂಡು ಒಂದೇ ಬಗೆಯ ಹೆಸರಿಟ್ಟರು.

ಈ ರೋಗ ಶಾಪದಿಂದ ಬರುವುದಲ್ಲ, ರೋಗಾಣುವಿನಿಂದ ಬರುತ್ತದೆ ಎಂದು 1882ರ ಮಾರ್ಚ್ 24ರಂದು ಜರ್ಮನಿಯ ರಾಬರ್ಟ್ ಕಾಕ್ ತೋರಿಸಿಕೊಟ್ಟರು. ಅದಕ್ಕಾಗಿಯೇ ಇಂದಿಗೂ ಮಾರ್ಚ್ 24 ವಿಶ್ವ ಕ್ಷಯರೋಗ ದಿನ. ಶ್ವಾಸಕೋಶದ ಕ್ಷಯವಿರುವವರು ಕೆಮ್ಮಿದಾಗ ರೋಗಾಣುಗಳು ಗಾಳಿಯಲ್ಲಿ ಸೇರುತ್ತವೆ. ಅದೇ ಗಾಳಿಯನ್ನು ಹೆಚ್ಚು ಹೊತ್ತು ಉಸಿರಾಡಿದವರಿಗೆ ಸೋಂಕು ತಗಲಬಹುದು. ತಟ್ಟೆ, ಲೋಟ, ಬಟ್ಟೆಯಿಂದ ಇದು ಹರಡುವುದಿಲ್ಲ. ಸೋಂಕು ತಗಲಿದ ಎಲ್ಲರಿಗೂ ರೋಗ ಬರುವುದಿಲ್ಲ. ಹೆಚ್ಚಿನವರಲ್ಲಿ ರೋಗಾಣು ನಿದ್ದೆ ಮಾಡುವಂತೆ ಸುಮ್ಮನೆ ಇದ್ದುಬಿಡುತ್ತದೆ. ಮೈಯ ಶಕ್ತಿ ಕುಗ್ಗಿದಾಗ, ಕೆಲವೊಮ್ಮೆ ಅನೇಕ ವರ್ಷಗಳ ಮೇಲೆ, ಎಚ್ಚರಗೊಳ್ಳುತ್ತದೆ.

ಇದು ಬಿಸಿಲು ದೇಶದ ರೋಗ, ಬಡವರ ದೇಶದ ರೋಗ ಎಂದು ತಿಳಿಯಬೇಡಿ. ನಾವಿರುವ ಮ್ಯಾಂಚೆಸ್ಟರ್ ಹತ್ತಿ ಗಿರಣಿಗಳ ಊರಾಗಿದ್ದಾಗ, ಇಕ್ಕಟ್ಟಾದ ಮನೆಗಳಲ್ಲಿ ಇದು ಸಾವಿರಾರು ಜನರನ್ನು ತೆಗೆದುಕೊಂಡು ಹೋಗಿದೆ. 1894ರಿಂದ 1922ರವರೆಗೆ ಈ ನಗರದ ಆರೋಗ್ಯಾಧಿಕಾರಿಯಾಗಿದ್ದ ಡಾ. ಜೇಮ್ಸ್ ನಿವೆನ್ ಅವರಿಗೆ ಇದೊಂದು ದೊಡ್ಡ ಹೋರಾಟವೇ ಆಗಿತ್ತು.

2. ಹಾಸಿಗೆಯ ಲೆಕ್ಕ

ಔಷಧಿ ಇಲ್ಲದ ಕಾಲದಲ್ಲಿ ಕ್ಷಯಕ್ಕೆ ಒಂದೇ ಉಪಾಯ: ಒಳ್ಳೆಯ ಗಾಳಿ, ಒಳ್ಳೆಯ ಊಟ, ವಿಶ್ರಾಂತಿ. ಇದಕ್ಕಾಗಿ ಊರ ಹೊರಗೆ ಸ್ಯಾನಟೋರಿಯಂ ಎಂಬ ಆಸ್ಪತ್ರೆಗಳನ್ನು ಕಟ್ಟುತ್ತಿದ್ದರು. ಮೈಸೂರಿನಲ್ಲಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿ ಅವರ ಹೆಸರಿನ ಸ್ಯಾನಟೋರಿಯಂ ಇದೆ. ಅವರು ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿ, ಈ ರೋಗದಿಂದಲೇ ತೀರಿಕೊಂಡವರು. ಅರಮನೆಯ ಗೋಡೆಯೂ ಕ್ಷಯವನ್ನು ತಡೆಯಲಿಲ್ಲ.

ಈಗ ಮೊದಲ ಲೆಕ್ಕ. 1946ರಲ್ಲಿ ಭೋರ್ ಸಮಿತಿ ಭಾರತದ ಆರೋಗ್ಯ ಸ್ಥಿತಿಯ ಬಗ್ಗೆ ವರದಿ ಕೊಟ್ಟಿತು. ಅದರ ಅಂದಾಜಿನಂತೆ ದೇಶದಲ್ಲಿ 25 ಲಕ್ಷ ಕ್ಷಯರೋಗಿಗಳಿದ್ದರು, ವರ್ಷಕ್ಕೆ 5 ಲಕ್ಷ ಜನ ಸಾಯುತ್ತಿದ್ದರು. ಅವರಿಗಾಗಿ ಇದ್ದ ಆಸ್ಪತ್ರೆಯ ಹಾಸಿಗೆಗಳು ಸುಮಾರು 6,000. ಭಾಗಿಸಿ ನೋಡಿ: ಒಂದು ಹಾಸಿಗೆಗೆ 400ಕ್ಕಿಂತ ಹೆಚ್ಚು ರೋಗಿಗಳು! ಸ್ಯಾನಟೋರಿಯಂನಲ್ಲಿ ಒಬ್ಬ ರೋಗಿ ಎಷ್ಟೋ ತಿಂಗಳು ಇರಬೇಕಾಗುತ್ತಿತ್ತು. ಒಬ್ಬರು ವರ್ಷಕ್ಕೆ ಎದ್ದು ಹೋದರೂ ಸಾಲಿನ ಕೊನೆಯವರ ಸರದಿ 400 ವರ್ಷದ ಮೇಲೆ ಬರುತ್ತದೆ.

ಇನ್ನೊಂದು ವಿಷಯವೂ ತಿಳಿಯಿತು. ಕ್ಷಯ ಪಟ್ಟಣದ ರೋಗ ಎಂಬ ನಂಬಿಕೆ ಇತ್ತು. 1955ರಿಂದ 1958ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಹಳ್ಳಿಯಲ್ಲೂ ಪಟ್ಟಣದಷ್ಟೇ ರೋಗವಿದೆ ಎಂದು ಗೊತ್ತಾಯಿತು. ಆಗ ನಮ್ಮ ಜನರಲ್ಲಿ ಹೆಚ್ಚಿನವರು ಹಳ್ಳಿಯಲ್ಲೇ ಇದ್ದರು, ಆದ್ದರಿಂದ ಹೆಚ್ಚಿನ ರೋಗಿಗಳೂ ಹಳ್ಳಿಯಲ್ಲೇ ಇದ್ದರು. ಹಾಸಿಗೆಗಳು ಮಾತ್ರ ಪಟ್ಟಣಗಳಲ್ಲಿದ್ದವು.

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆಗೆ ನೀವೆಲ್ಲ “ಹಣ ಕಡಿಮೆ ಇದ್ದರೆ ಆಸೆಯನ್ನೂ ಕಡಿಮೆ ಮಾಡಿಕೊಳ್ಳಬೇಕು” ಎಂದು ಅರ್ಥ ಬರೆದಿದ್ದೀರಿ. ಆ ಅರ್ಥವನ್ನೇ ಹಿಡಿದರೆ 6,000 ಜನರಿಗೆ ಚಿಕಿತ್ಸೆ ಕೊಟ್ಟು ಉಳಿದವರನ್ನು ಬಿಟ್ಟುಬಿಡಬೇಕಿತ್ತು. ಆ ಕಾಲದ ವೈದ್ಯರು ಹಾಗೆ ಮಾಡಲಿಲ್ಲ. ಹಾಸಿಗೆಯೇ ಬೇಕೇ ಎಂದು ಕೇಳಿದರು.

3. ಮದರಾಸಿನ ಉತ್ತರ: ಹಾಸಿಗೆ ಬೇಡ

ಅಷ್ಟರಲ್ಲಿ ಔಷಧಿಗಳು ಬಂದಿದ್ದವು. 1940ರ ದಶಕದಲ್ಲಿ ಸ್ಟ್ರೆಪ್ಟೊಮೈಸಿನ್, 1952ರಲ್ಲಿ ಐಸೋನಯಾಜಿಡ್. ಐಸೋನಯಾಜಿಡ್ ಅಗ್ಗದ ಮಾತ್ರೆ, ನುಂಗಿದರೆ ಸಾಕು. ಹಾಗಾದರೆ ರೋಗಿ ಮನೆಯಲ್ಲೇ ಇದ್ದು ಗುಣವಾಗಬಹುದೇ? ಇದನ್ನು ತಿಳಿಯಲು 1956ರಲ್ಲಿ ಮದರಾಸಿನಲ್ಲಿ ಒಂದು ಕೇಂದ್ರ ಆರಂಭವಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಮದರಾಸು ಸರ್ಕಾರ ಮತ್ತು ವಿಶ್ವ ಆರೋಗ್ಯ ಸಂಸ್ಥೆಯ ಜೊತೆ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯೂ ಸೇರಿತ್ತು. ಇಲ್ಲಿಂದ ಹೋದ ಡಾ. ವ್ಯಾಲೆಸ್ ಫಾಕ್ಸ್ ಮುಂದಾಳತ್ವ ವಹಿಸಿದರು.

ಬಡವರ, ಇಕ್ಕಟ್ಟಿನ ಮನೆಗಳಿಂದ ಬಂದ 193 ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಸ್ಯಾನಟೋರಿಯಂನಲ್ಲಿ ಹಾಸಿಗೆ, ಹಾಲು, ಮೊಟ್ಟೆ, ವಿಶ್ರಾಂತಿ. ಇನ್ನೊಂದು ಗುಂಪಿಗೆ ತಮ್ಮ ಮನೆ, ತಮ್ಮದೇ ಊಟ. ಮಾತ್ರೆಗಳು ಇಬ್ಬರಿಗೂ ಒಂದೇ. ಒಂದು ವರ್ಷದ ಮೇಲೆ ನೋಡಿದರೆ ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಅಷ್ಟೇ ಜನ ಗುಣವಾಗಿದ್ದರು. ಮನೆಯಲ್ಲಿದ್ದ ರೋಗಿಯಿಂದ ಮನೆಯವರಿಗೆ ಹೆಚ್ಚು ಸೋಂಕು ಹರಡಿದೆಯೇ ಎಂದೂ ಪರೀಕ್ಷಿಸಿದರು. ಹಾಗೇನೂ ಆಗಿರಲಿಲ್ಲ. ಚಿಕಿತ್ಸೆ ಆರಂಭವಾದ ಮೇಲೆ ರೋಗ ಹರಡುವ ಅಪಾಯ ಬೇಗ ತಗ್ಗುತ್ತದೆ. 1959ರಲ್ಲಿ ಪ್ರಕಟವಾದ ಈ ಫಲಿತಾಂಶ ಜಗತ್ತಿನ ಕ್ಷಯ ಚಿಕಿತ್ಸೆಯನ್ನೇ ಬದಲಾಯಿಸಿತು. ಸಾಲದಿದ್ದ ವಸ್ತು ಹಾಸಿಗೆ. ಆ ವಸ್ತುವೇ ಬೇಕಾಗಿಲ್ಲ ಎಂದು ಗೊತ್ತಾಯಿತು.

ಕೊರತೆಯಿಂದ ಪಾಠ ಕಲಿತದ್ದು ಭಾರತ ಮಾತ್ರವಲ್ಲ. ಯುದ್ಧ ಮುಗಿದ ಹೊಸತರಲ್ಲಿ ಬ್ರಿಟನ್ನಿಗೂ ಸ್ಟ್ರೆಪ್ಟೊಮೈಸಿನ್ ಎಲ್ಲರಿಗೆ ಸಾಲುವಷ್ಟು ಸಿಗಲಿಲ್ಲ. ಯಾರಿಗೆ ಕೊಡುವುದು? ಚೀಟಿ ಎತ್ತಿದ ಹಾಗೆ ರೋಗಿಗಳನ್ನು ಹಂಚಿ, ಔಷಧಿ ಪಡೆದವರನ್ನೂ ಪಡೆಯದವರನ್ನೂ ಹೋಲಿಸಿ ನೋಡಿದರು. 1948ರಲ್ಲಿ ಪ್ರಕಟವಾದ ಆ ಪ್ರಯೋಗ ಇಂದಿನ ಎಲ್ಲ ಔಷಧ ಪರೀಕ್ಷೆಗಳಿಗೂ ಮಾದರಿಯಾಯಿತು.

4. ತುಮಕೂರಿನ ಪ್ರಶ್ನೆ: ರೋಗಿ ಎಲ್ಲಿದ್ದಾನೆ?

ಮಾತ್ರೆ ಇದೆ, ಮನೆಯಲ್ಲೇ ಕೊಡಬಹುದು. ಆದರೆ ಲಕ್ಷಾಂತರ ಹಳ್ಳಿಗಳಲ್ಲಿ ರೋಗಿಯನ್ನು ಹುಡುಕುವುದು ಹೇಗೆ? ಹಳ್ಳಿಯವರಿಗೆ ರೋಗದ ಅರಿವಿಲ್ಲ, ಎಲ್ಲ ಹಣೆಬರಹ ಎಂದು ಸುಮ್ಮನಿರುತ್ತಾರೆ, ಆದ್ದರಿಂದ ಎಕ್ಸ್‌ರೇ ಯಂತ್ರವಿರುವ ವ್ಯಾನುಗಳನ್ನು ಊರೂರಿಗೆ ಕಳಿಸಿ ನಾವೇ ಹುಡುಕಬೇಕು ಎಂದು ಅನೇಕ ತಜ್ಞರು ನಂಬಿದ್ದರು. ಅಷ್ಟು ವ್ಯಾನುಗಳಿಗೆ, ಫಿಲ್ಮಿಗೆ, ಡೀಸೆಲ್ಲಿಗೆ ಹಣ ಎಲ್ಲಿಂದ?

1959ರಲ್ಲಿ ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ನೆರವಾದವು. 1960ರ ಸೆಪ್ಟೆಂಬರ್ 16ರಂದು ಪ್ರಧಾನಿ ನೆಹರೂ ಉದ್ಘಾಟಿಸಿದರು. ದೇಶಕ್ಕೆ ಕೈಗೆಟಕುವ ಒಂದು ಕ್ಷಯ ನಿಯಂತ್ರಣ ಯೋಜನೆ ರೂಪಿಸುವುದೇ ಅದರ ಕೆಲಸ. ಸಂಸ್ಥೆಯ ತಂಡಗಳು ಪಕ್ಕದ ತುಮಕೂರು ಜಿಲ್ಲೆಯ ಹಳ್ಳಿಗಳಿಗೆ ಹೋಗಿ ಜನರ ಎದೆಯ ಎಕ್ಸ್‌ರೇ ತೆಗೆದವು, ಕಫ ಪರೀಕ್ಷೆ ಮಾಡಿದವು. ಆಮೇಲೆ ಡಾ. ದೇಬಬರ ಬ್ಯಾನರ್ಜಿ ಮತ್ತು ವಿಶ್ವ ಆರೋಗ್ಯ ಸಂಸ್ಥೆಯ ಸ್ಟಿಗ್ ಆಂಡರ್ಸನ್ ಅವರು ಇನ್ನೊಂದು ಕೆಲಸ ಮಾಡಿಸಿದರು. ರೋಗವಿದೆ ಎಂದು ಕಂಡುಬಂದವರನ್ನೂ ರೋಗವಿಲ್ಲದವರನ್ನೂ ಅವರವರ ಮನೆಯಲ್ಲೇ ಮಾತನಾಡಿಸಿದರು. ನಿಮಗೆ ಏನಾಗುತ್ತಿದೆ? ಅದರ ಬಗ್ಗೆ ಚಿಂತೆ ಇದೆಯೇ? ಏನು ಮಾಡಿದಿರಿ?

1963ರಲ್ಲಿ ಪ್ರಕಟವಾದ ಉತ್ತರ ತಜ್ಞರನ್ನು ತಬ್ಬಿಬ್ಬು ಮಾಡಿತು. ಕಫದಲ್ಲಿ ರೋಗಾಣು ಇದ್ದವರಲ್ಲಿ ಬಹುಪಾಲು ಎಲ್ಲರಿಗೂ ತಮಗೆ ಕಾಯಿಲೆಯಿದೆ ಎಂದು ಗೊತ್ತಿತ್ತು. ಸುಮಾರು ಮುಕ್ಕಾಲು ಪಾಲು ಜನ ಅದರ ಬಗ್ಗೆ ಚಿಂತೆಗೀಡಾಗಿದ್ದರು. ಸುಮಾರು ಅರ್ಧದಷ್ಟು ಜನ ಆಗಲೇ ಆಸ್ಪತ್ರೆಗೆ ಹೋಗಿ ಬಂದಿದ್ದರು! ಅಲ್ಲಿ ಅವರಿಗೆ ಸಿಕ್ಕಿದ್ದು ಸಾಮಾನ್ಯವಾಗಿ ಒಂದು ಸೀಸೆ ಕೆಮ್ಮಿನ ಔಷಧಿ.

ಇದನ್ನು ಓದುವಾಗ ನನಗೆ ನನ್ನ ಅಜ್ಜಿ ನೆನಪಾದರು. ನಮ್ಮದೂ ತುಮಕೂರು ಜಿಲ್ಲೆಯೇ. ಅಜ್ಜಿಯ ಅಣ್ಣ ಒಬ್ಬರು ಚಿಕ್ಕ ವಯಸ್ಸಿನಲ್ಲೇ ಕೆಮ್ಮಿ ಕೆಮ್ಮಿ ತೀರಿಕೊಂಡರಂತೆ. ಆಗ ಸರ್ಕಾರಿ ದವಾಖಾನೆಗೆ ಹೋಗುವವರು ಔಷಧಿ ತುಂಬಿಸಿಕೊಳ್ಳಲು ಮನೆಯಿಂದಲೇ ಸೀಸೆ ಒಯ್ಯಬೇಕಿತ್ತು. “ಅಣ್ಣ ಮೂರು ಸಲ ನಡಕೊಂಡೇ ಹೋದ. ಮೂರು ಸಲವೂ ಕೆಂಪು ಮಿಕ್ಸ್ಚರ್ ಕೊಟ್ಟು ಕಳಿಸಿದ್ರು. ನಾಲ್ಕನೇ ಸಲಕ್ಕೆ ಅವನಿಗೆ ನಡೆಯೋಕೆ ಆಗ್ಲಿಲ್ಲ” ಎನ್ನುತ್ತಿದ್ದರು ಅಜ್ಜಿ. ಆ ಸೀಸೆಯಲ್ಲಿ ಅವರು ಹರಳೆಣ್ಣೆ ತುಂಬಿಟ್ಟುಕೊಂಡಿದ್ದರು. ಚಿಕ್ಕವಳಿದ್ದಾಗ ಅದು ಬರೀ ಎಣ್ಣೆ ಸೀಸೆ ಎಂದುಕೊಂಡಿದ್ದೆ. ನಮ್ಮ ಮನೆಯವರು ಕಾಯಿಲೆಯ ಹೆಸರನ್ನು ಮಾತ್ರ ಜೋರಾಗಿ ಹೇಳುತ್ತಿರಲಿಲ್ಲ. ‘ಆ ಕಾಯಿಲೆ’ ಎನ್ನುತ್ತಿದ್ದರು.

ಅಜ್ಜಿಯ ಅಣ್ಣ ಹಣೆಬರಹ ಎಂದು ಸುಮ್ಮನೆ ಕೂತವರಲ್ಲ. ಅವರನ್ನು ಹುಡುಕಲು ವ್ಯಾನು ಬೇಕಾಗಿರಲಿಲ್ಲ. ಬಾಗಿಲಿಗೆ ಬಂದಿದ್ದರು, ಬಾಗಿಲಲ್ಲಿದ್ದವರಿಗೆ ಗುರುತಾಗಲಿಲ್ಲ.

5. ಯೋಜನೆ ಹೇಗೆ ರೂಪುಗೊಂಡಿತು

ರೋಗಿ ಹೇಗೂ ಹತ್ತಿರದ ಆಸ್ಪತ್ರೆಗೆ ಬರುತ್ತಾನೆ ಎಂದ ಮೇಲೆ ಯೋಜನೆ ಸುಲಭವಾಯಿತು. ಹೊಸ ಆಸ್ಪತ್ರೆಗಳನ್ನು ಕಟ್ಟುವುದಕ್ಕಿಂತ ಇರುವ ಆಸ್ಪತ್ರೆಗೆ ಕಣ್ಣು ಕೊಡಬೇಕು. ಆ ಕಣ್ಣು ಯಾವುದು? ಸೂಕ್ಷ್ಮದರ್ಶಕ. ಬಹಳ ದಿನಗಳಿಂದ ಕೆಮ್ಮುವವರ ಕಫವನ್ನು ಗಾಜಿನ ಮೇಲೆ ತೆಳುವಾಗಿ ಹಚ್ಚಿ, ಬಣ್ಣ ಹಾಕಿ ನೋಡಿದರೆ ರೋಗಾಣುಗಳು ಕೆಂಪು ಕಡ್ಡಿಗಳಂತೆ ಕಾಣುತ್ತವೆ. ಇದಕ್ಕೆ ದೊಡ್ಡ ಯಂತ್ರ ಬೇಡ, ತರಬೇತಿ ಪಡೆದ ಒಬ್ಬ ವ್ಯಕ್ತಿ ಸಾಕು. ರೋಗ ಹೆಚ್ಚು ಹರಡುವವರೂ ಇಂಥ ರೋಗಿಗಳೇ. ಅವರನ್ನು ಮೊದಲು ಗುಣಪಡಿಸಿದರೆ ಒಂದೇ ಖರ್ಚಿನಲ್ಲಿ ಎರಡು ಕೆಲಸವಾಗುತ್ತದೆ: ಆ ರೋಗಿ ಬದುಕುತ್ತಾನೆ, ಸುತ್ತಲಿನವರು ಸೋಂಕಿನಿಂದ ಉಳಿಯುತ್ತಾರೆ.

1961ರಲ್ಲಿ ಕರ್ನಾಟಕದ ಗಡಿಯಲ್ಲಿರುವ ಅನಂತಪುರ ಜಿಲ್ಲೆಯಲ್ಲಿ ಇದನ್ನು ಮೊದಲು ಆರಂಭಿಸಿದರು. 1962ರಿಂದ ಇದೇ ರಾಷ್ಟ್ರೀಯ ಕ್ಷಯ ನಿಯಂತ್ರಣ ಕಾರ್ಯಕ್ರಮವಾಯಿತು. ಅದರ ಮುಖ್ಯ ಅಂಶಗಳು ಇವು:

• ಜಿಲ್ಲೆಗೆ ಒಂದು ಕ್ಷಯರೋಗ ಕೇಂದ್ರ. ಅಲ್ಲಿ ಎಕ್ಸ್‌ರೇ ಮತ್ತು ಪ್ರಯೋಗಾಲಯ.
• ಬೆಂಗಳೂರಿನಲ್ಲಿ ತರಬೇತಿ ಪಡೆದ ಜಿಲ್ಲಾ ತಂಡ: ವೈದ್ಯರು, ಚಿಕಿತ್ಸೆಯ ಮೇಲ್ವಿಚಾರಕರು, ಪ್ರಯೋಗಾಲಯ ಮತ್ತು ಎಕ್ಸ್‌ರೇ ತಂತ್ರಜ್ಞರು, ಅಂಕಿ ಅಂಶ ಬರೆಯುವವರು.
• ಜಿಲ್ಲೆಯ ಸಾಮಾನ್ಯ ಆಸ್ಪತ್ರೆಗಳಲ್ಲೇ ಕಫ ಪರೀಕ್ಷೆ. ಸೂಕ್ಷ್ಮದರ್ಶಕ ಇಲ್ಲದ ಕಡೆಯಿಂದ ಇರುವ ಕಡೆಗೆ ಕಳಿಸುವುದು.
• ರೋಗಿಯ ಮನೆಗೆ ಹತ್ತಿರದ ಆಸ್ಪತ್ರೆಯಿಂದಲೇ ಉಚಿತ ಮಾತ್ರೆ.
• ಪ್ರತಿಯೊಬ್ಬ ರೋಗಿಗೂ ಒಂದು ಕಾರ್ಡು. ಮಾತ್ರೆಗೆ ಬರದಿದ್ದರೆ ಕಾರ್ಡು ನೋಡಿ ಹುಡುಕಿಕೊಂಡು ಹೋಗುವುದು.

ನಾವೆಲ್ಲರೂ ಚಿಕ್ಕಂದಿನಲ್ಲಿ ಚುಚ್ಚಿಸಿಕೊಂಡ ಬಿಸಿಜಿ ಲಸಿಕೆ ಸಾಲದೇ ಎಂದು ನೀವು ಕೇಳಬಹುದು. ಅಮ್ಮನ ತೋಳಿನ ಮೇಲೆ ಅದರ ಗುರುತು ಇರಬಹುದು, ನೋಡಿ. ಹಸುಗೂಸುಗಳನ್ನು ಮಿದುಳಿನ ಕ್ಷಯದಂಥ ತೀವ್ರ ರೂಪಗಳಿಂದ ಅದು ಕಾಪಾಡುತ್ತದೆ. ಆದರೆ ಮದರಾಸಿನ ಹತ್ತಿರದ ಚೆಂಗಲ್ಪಟ್ಟಿನಲ್ಲಿ 1968ರಿಂದ ನಡೆದ ದೊಡ್ಡ ಪ್ರಯೋಗದಲ್ಲಿ, ದೊಡ್ಡವರ ಶ್ವಾಸಕೋಶದ ಕ್ಷಯವನ್ನು ಅದು ತಡೆಯಲಿಲ್ಲ. ಆದ್ದರಿಂದ ರೋಗಿಯನ್ನು ಗುರುತಿಸಿ ಗುಣಪಡಿಸುವ ಕೆಲಸವನ್ನು ಲಸಿಕೆಗೆ ಒಪ್ಪಿಸಿ ಕೂರುವಂತಿಲ್ಲ.

6. ತೂತಿನ ಕೊಡ: ಎರಡನೆಯ ಲೆಕ್ಕ

ಈಗ ನೀವೇ ಜಿಲ್ಲೆಯ ಅಧಿಕಾರಿ ಎಂದುಕೊಳ್ಳಿ. ಕೆಳಗಿನ ಅಂಕಿಗಳು ಅಭ್ಯಾಸಕ್ಕಾಗಿ ನಾನು ಮಾಡಿಕೊಂಡವು.

ಜಿಲ್ಲೆಯಲ್ಲಿ 200 ಕ್ಷಯರೋಗಿಗಳು. ಅವರಲ್ಲಿ 100 ಜನ ತಾವಾಗಿಯೇ ಆಸ್ಪತ್ರೆಗೆ ಬರುತ್ತಾರೆ. ಬಂದವರಲ್ಲಿ ಅರ್ಧದಷ್ಟು, ಅಂದರೆ 50 ಜನರ ರೋಗ ಗುರುತಾಗುತ್ತದೆ. ಅವರಲ್ಲಿ ಅರ್ಧದಷ್ಟು ಜನ ಮಾತ್ರ ಕೊನೆಯವರೆಗೆ ಮಾತ್ರೆ ತೆಗೆದುಕೊಳ್ಳುತ್ತಾರೆ. ಗುಣವಾದವರು 25. ನಿಮ್ಮ ಹತ್ತಿರ ಒಂದು ಕೆಲಸಕ್ಕೆ ಮಾತ್ರ ಹಣ ಇದೆ. ಏನು ಮಾಡುತ್ತೀರಿ?

ಅ) ವ್ಯಾನು ಕಳಿಸಿ ಇನ್ನೂ 20 ರೋಗಿಗಳನ್ನು ಕರೆತರುವುದು. ಆಗ 120 ಜನ ಬರುತ್ತಾರೆ, 60 ಜನ ಗುರುತಾಗುತ್ತಾರೆ, 30 ಜನ ಗುಣವಾಗುತ್ತಾರೆ.
ಆ) ಬಂದವರ ಕಫವನ್ನು ಸರಿಯಾಗಿ ಪರೀಕ್ಷಿಸಿ, 100ರಲ್ಲಿ 80 ಜನರನ್ನು ಗುರುತಿಸುವುದು. ಆಗ 40 ಜನ ಗುಣವಾಗುತ್ತಾರೆ.
ಇ) ಗುರುತಾದ 50 ಜನರಲ್ಲಿ 80 ಭಾಗ ಕೊನೆ ಮುಟ್ಟುವಂತೆ ನೋಡಿಕೊಳ್ಳುವುದು. ಆಗಲೂ 40 ಜನ ಗುಣವಾಗುತ್ತಾರೆ.
ಈ) ‘ಆ’ ಮತ್ತು ‘ಇ’ ಎರಡನ್ನೂ ಮಾಡಿದರೆ? 80 ಜನ ಗುರುತಾಗಿ 64 ಜನ ಗುಣವಾಗುತ್ತಾರೆ.

ಕೊಡದಲ್ಲಿ ತೂತಿದ್ದರೆ ಇನ್ನಷ್ಟು ನೀರು ಸೇದುವುದಕ್ಕಿಂತ ಮೊದಲು ತೂತು ಮುಚ್ಚಬೇಕು. ಹಣ ಕಡಿಮೆ ಇರುವಾಗ ಯೋಜನೆ ಎಂದರೆ ತೂತು ಎಲ್ಲಿದೆ ಎಂದು ಹುಡುಕುವುದು. ಗಾದೆಯ ನಿಜವಾದ ಅರ್ಥವೂ ಇದೇ ಎಂದು ನನಗೀಗ ಅನ್ನಿಸುತ್ತದೆ. ಕಾಲು ಮಡಚಿ ಮಲಗುವುದಕ್ಕೆ ಮೊದಲು ಹಾಸಿಗೆಯನ್ನು ಅಳೆದು ನೋಡಬೇಕು.

7. ಎಲ್ಲಿ ಎಡವಿತು?

ಇಷ್ಟು ಒಳ್ಳೆಯ ಯೋಜನೆ ಇದ್ದರೂ ರೋಗ ಹೋಗಲಿಲ್ಲವೇಕೆ? ತೂತು ಕೊನೆಯ ಮೆಟ್ಟಿಲಲ್ಲಿತ್ತು. ಆಗ ಚಿಕಿತ್ಸೆ ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು. ಎರಡು ತಿಂಗಳಿಗೆ ಕೆಮ್ಮು ನಿಂತರೆ, ಹೊಲದ ಕೆಲಸ ಬಂದರೆ, ಆಸ್ಪತ್ರೆಯಲ್ಲಿ ಮಾತ್ರೆ ಮುಗಿದಿದ್ದರೆ ರೋಗಿ ಬರುವುದನ್ನು ಬಿಟ್ಟುಬಿಡುತ್ತಿದ್ದ.

ಅರ್ಧ ಚಿಕಿತ್ಸೆ ಎಷ್ಟು ಅಪಾಯ ಎಂಬುದಕ್ಕೆ ಬೆಂಗಳೂರಿನ ಇನ್ನೊಂದು ಅಧ್ಯಯನ ನೋಡಬೇಕು. 1961ರಿಂದ 1968ರವರೆಗೆ ಬೆಂಗಳೂರು ಜಿಲ್ಲೆಯ 119 ಹಳ್ಳಿಗಳಲ್ಲಿ ರೋಗದ ಹಾದಿಯನ್ನು ಗಮನಿಸಿದರು. ಚಿಕಿತ್ಸೆಯ ಏರ್ಪಾಡು ಇನ್ನೂ ತಲುಪಿರದ ಆ ಹಳ್ಳಿಗಳ ರೋಗಿಗಳಲ್ಲಿ ಐದು ವರ್ಷಗಳಲ್ಲಿ ಸುಮಾರು ಅರ್ಧದಷ್ಟು ಜನ ಸತ್ತಿದ್ದರು. ಮೂರರಲ್ಲಿ ಒಂದು ಪಾಲು ತಾನಾಗಿಯೇ ಗುಣವಾಗಿತ್ತು. ಉಳಿದವರ ಕಫದಲ್ಲಿ ರೋಗಾಣು ಇನ್ನೂ ಇತ್ತು. ಅರ್ಧ ಚಿಕಿತ್ಸೆ ರೋಗಿಯನ್ನು ಸಾವಿನಿಂದ ತಪ್ಪಿಸಬಹುದು, ಆದರೆ ಪೂರ್ತಿ ಗುಣಪಡಿಸದೆ ಈ ಮೂರನೆಯ ಗುಂಪಿಗೆ ಸೇರಿಸಬಹುದು. ಜೊತೆಗೆ, ಬದುಕುಳಿದ ರೋಗಾಣುಗಳು ಔಷಧಿಗೆ ಬಗ್ಗದಷ್ಟು ಗಟ್ಟಿಯಾಗಬಹುದು.

1992ರಲ್ಲಿ ಕಾರ್ಯಕ್ರಮವನ್ನು ಪರಿಶೀಲಿಸಿದಾಗ ಹಣ ಸಾಲದು, ಔಷಧಿ ಸರಿಯಾಗಿ ಸಿಗುತ್ತಿಲ್ಲ, ಚಿಕಿತ್ಸೆ ಮುಗಿಸುವವರು ಕಡಿಮೆ ಎಂದು ಕಂಡುಬಂತು. 1993ರಲ್ಲಿ ಪರಿಷ್ಕೃತ ಕಾರ್ಯಕ್ರಮದ ಪ್ರಯೋಗ ಆರಂಭವಾಯಿತು. ಚಿಕಿತ್ಸೆಯ ಅವಧಿ ಆರರಿಂದ ಎಂಟು ತಿಂಗಳಿಗೆ ಇಳಿಯಿತು. ಒಬ್ಬ ರೋಗಿಗೆ ಬೇಕಾದ ಪೂರ್ತಿ ಔಷಧಿಯನ್ನು ಅವರ ಹೆಸರಿನ ಪೆಟ್ಟಿಗೆಯಲ್ಲಿ ಮೊದಲೇ ಎತ್ತಿಟ್ಟರು. ಆರೋಗ್ಯ ಕಾರ್ಯಕರ್ತರ ಅಥವಾ ಊರಿನ ನಂಬಿಕಸ್ಥರ ಎದುರಿಗೇ ಮಾತ್ರೆ ನುಂಗಿಸಿದರು. 2006ರ ಹೊತ್ತಿಗೆ ಇದು ಇಡೀ ದೇಶಕ್ಕೆ ಹರಡಿತು.

ಇನ್ನೊಂದು ತೂತು ಹಸಿವು. ಹೊಟ್ಟೆಗಿಲ್ಲದ ಮೈಯಲ್ಲಿ ರೋಗಾಣು ಬೇಗ ಎಚ್ಚರಗೊಳ್ಳುತ್ತದೆ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಅವರು ಸಹೋದ್ಯೋಗಿಗಳ ಜೊತೆ ಜಾರ್ಖಂಡದಲ್ಲಿ ಒಂದು ದೊಡ್ಡ ಅಧ್ಯಯನ ನಡೆಸಿದರು. 2,800 ರೋಗಿಗಳಿಗೆ ಚಿಕಿತ್ಸೆಯ ಜೊತೆ ಆಹಾರ ಕೊಟ್ಟರು. ಅವರ ಮನೆಯವರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮಾತ್ರ ತಿಂಗಳು ತಿಂಗಳು ಅಕ್ಕಿ, ಬೇಳೆ, ಜೀವಸತ್ವದ ಮಾತ್ರೆ ಕೊಟ್ಟರು. 2023ರಲ್ಲಿ ಫಲಿತಾಂಶ ಪ್ರಕಟವಾಯಿತು: ಅಕ್ಕಿ ಬೇಳೆ ಪಡೆದ ಮನೆಯವರಲ್ಲಿ ಹೊಸದಾಗಿ ಕ್ಷಯ ಬರುವುದು ಶೇ. 39ರಷ್ಟು ಕಡಿಮೆಯಾಗಿತ್ತು. ಭಾರತ ಸರ್ಕಾರ 2018ರಿಂದ ಚಿಕಿತ್ಸೆಯಲ್ಲಿರುವವರ ಊಟಕ್ಕೆಂದು ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು. 2024ರ ನವೆಂಬರಿನಿಂದ ಅದನ್ನು 1,000 ರೂಪಾಯಿಗೆ ಏರಿಸಿತು.

2025ರೊಳಗೆ ಕ್ಷಯವನ್ನು ಕೊನೆಗಾಣಿಸುವ ಗುರಿಯನ್ನು ಭಾರತ ಇಟ್ಟುಕೊಂಡಿತ್ತು. ಆ ಗುರಿ ಮುಟ್ಟಲಿಲ್ಲ. ಆದರೆ ಕೆಲಸ ವ್ಯರ್ಥವಾಗಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2015ರಲ್ಲಿ ಲಕ್ಷ ಜನರಲ್ಲಿ 237 ಜನರಿಗೆ ಹೊಸದಾಗಿ ಕ್ಷಯ ಬರುತ್ತಿತ್ತು, 2023ರಲ್ಲಿ ಅದು 195ಕ್ಕೆ ಇಳಿಯಿತು. ಆ ವರ್ಷ ಜಗತ್ತಿನಲ್ಲಿ ಸುಮಾರು 1 ಕೋಟಿ 8 ಲಕ್ಷ ಜನರಿಗೆ ಕ್ಷಯ ಬಂತು, ಅವರಲ್ಲಿ ನಾಲ್ಕರಲ್ಲಿ ಒಂದು ಪಾಲು ಭಾರತದವರು. ನಮ್ಮ ಹುಡುಗನ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ದುಡ್ಡು ಸಾಲದ್ದು ನಿಜ. ಅದಕ್ಕಿಂತ ಹೆಚ್ಚಾಗಿ, ಬಂದ ರೋಗಿಯನ್ನು ಗುರುತಿಸುವುದು, ಕೊನೆಯ ಮಾತ್ರೆಯವರೆಗೆ ಕೈ ಬಿಡದಿರುವುದು, ಹೊಟ್ಟೆ ತುಂಬ ಊಟ ಸಿಗುವಂತೆ ನೋಡಿಕೊಳ್ಳುವುದು, ಈ ಮೂರೂ ಎಲ್ಲ ಊರಿನಲ್ಲೂ ಒಟ್ಟಿಗೆ ಆಗಬೇಕು.

8. ಪೋಷಕರಿಗೆ ನಾಲ್ಕು ಮಾತು

ಇದು ಊರಿನ ಕಥೆ, ನಮಗೇನು ಎನ್ನಬೇಡಿ. 2024ರಲ್ಲಿ ಇಂಗ್ಲೆಂಡಿನಲ್ಲೂ 5,000ಕ್ಕಿಂತ ಹೆಚ್ಚು ಜನರಿಗೆ ಕ್ಷಯವಿದೆ ಎಂದು ಗೊತ್ತಾಯಿತು. ಹೆಚ್ಚಿನವರು ನಮ್ಮ ಹಾಗೆ ಬೇರೆ ದೇಶದಲ್ಲಿ ಹುಟ್ಟಿದವರು. ವೀಸಾಕ್ಕೆ ಮುಂಚೆ ಎಕ್ಸ್‌ರೇ ಸರಿಯಾಗಿದ್ದರೂ ನಿದ್ದೆಯಲ್ಲಿರುವ ಸೋಂಕು ಮುಂದೆ ಎಚ್ಚರವಾಗಬಹುದು.

ಆದ್ದರಿಂದ ಮೂರು ವಾರಕ್ಕಿಂತ ಹೆಚ್ಚು ಕೆಮ್ಮು, ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು ಇದ್ದರೆ ಜಿ.ಪಿ. ಹತ್ತಿರ ಹೋಗಿ. “ನಾನು ಭಾರತದಿಂದ ಬಂದವನು, ಟಿ.ಬಿ. ಇರಬಹುದೇ ನೋಡಿ” ಎಂದು ನೀವೇ ಬಾಯಿಬಿಟ್ಟು ಕೇಳಿ. ಇಲ್ಲಿನ ವೈದ್ಯರು ವರ್ಷಕ್ಕೆ ಒಬ್ಬ ಕ್ಷಯರೋಗಿಯನ್ನೂ ನೋಡದೆ ಇರಬಹುದು. ಅಜ್ಜಿಯ ಅಣ್ಣನ ಸೀಸೆಯ ಕಥೆ ಯಾವ ದೇಶದಲ್ಲಾದರೂ ನಡೆಯಬಹುದು.

ಇಂಗ್ಲೆಂಡಿನಲ್ಲಿ ಕ್ಷಯದ ಪರೀಕ್ಷೆ ಮತ್ತು ಚಿಕಿತ್ಸೆ ಎಲ್ಲರಿಗೂ ಉಚಿತ. ಊರಿನಿಂದ ಮೊಮ್ಮಕ್ಕಳನ್ನು ನೋಡಲು ಬಂದ ಅಜ್ಜ ಅಜ್ಜಿಗೂ ಉಚಿತ. ಬಿಲ್ಲಿಗೆ ಹೆದರಿ ಕೆಮ್ಮನ್ನು ಮುಚ್ಚಿಡಬೇಡಿ. ಇಲ್ಲಿನ ಶಾಲೆಗಳಲ್ಲಿ ಎಲ್ಲ ಮಕ್ಕಳಿಗೂ ಬಿಸಿಜಿ ಹಾಕುವುದು 2005ರಲ್ಲಿ ನಿಂತಿತು. ಆದರೆ ತಂದೆ ತಾಯಿ ಅಥವಾ ಅಜ್ಜ ಅಜ್ಜಿ ಭಾರತದಲ್ಲಿ ಹುಟ್ಟಿದ್ದರೆ ಹಸುಗೂಸಿಗೆ ಈಗಲೂ ಕೊಡುತ್ತಾರೆ. ಮನೆಗೆ ಹೊಸ ಮಗು ಬಂದಾಗ ಹೆಲ್ತ್ ವಿಸಿಟರನ್ನು ಕೇಳಿ.

ಕೊನೆಯದಾಗಿ, ಯಾರಿಗಾದರೂ ಈ ಕಾಯಿಲೆ ಬಂದರೆ ಅವರ ಮನೆಗೆ ಹೋಗುವುದನ್ನು ನಿಲ್ಲಿಸಬೇಡಿ. ವೈದ್ಯರು ಸರಿ ಎಂದ ಮೇಲೆ ಅವರ ಮನೆಯಲ್ಲಿ ಕಾಫಿ ಕುಡಿಯಿರಿ. ಆರು ತಿಂಗಳ ಮಾತ್ರೆಯನ್ನು ಅವರು ಪೂರ್ತಿ ಮುಗಿಸಲು ಧೈರ್ಯ ಹೇಳಿ. ನಾವು ‘ಆ ಕಾಯಿಲೆ’ ಎಂದು ಪಿಸುಗುಟ್ಟಿದಷ್ಟೂ ಜನ ಅದನ್ನು ಮುಚ್ಚಿಡುತ್ತಾರೆ. ಮಕ್ಕಳೇ, ನೀವು ಅದರ ಹೆಸರನ್ನು ಕನ್ನಡದಲ್ಲಿ ಸ್ಪಷ್ಟವಾಗಿ ಹೇಳಿರಿ: ಕ್ಷಯ. ಅದು ಗುಣವಾಗುವ ಕಾಯಿಲೆ. ಎಲ್ಲರಿಗೂ ಆರೋಗ್ಯ ಅಕ್ಷಯವಾಗಲಿ.

ಪದಗಳ ಅರ್ಥ

ಕ್ಷಯಿಸು = ಸವೆ, ಕಡಿಮೆಯಾಗು
ಸೋಂಕು = ರೋಗಾಣು ಮೈಯೊಳಗೆ ಸೇರುವುದು
ಸೂಕ್ಷ್ಮದರ್ಶಕ = ಕಣ್ಣಿಗೆ ಕಾಣದ್ದನ್ನು ದೊಡ್ಡದಾಗಿ ತೋರಿಸುವ ಉಪಕರಣ
ಸಮೀಕ್ಷೆ = ಅನೇಕ ಜನರನ್ನು ಕೇಳಿ, ನೋಡಿ ಮಾಡುವ ಲೆಕ್ಕ
ಸೀಸೆ = ಬಾಟಲಿ

ಅಭ್ಯಾಸ

1. 25 ಲಕ್ಷ ರೋಗಿಗಳಿಗೆ 6,000 ಹಾಸಿಗೆಗಳಾದರೆ ಒಂದು ಹಾಸಿಗೆಗೆ ಎಷ್ಟು ರೋಗಿಗಳು? ಸರಿಯಾಗಿ ಭಾಗಿಸಿ ಬರೆಯಿರಿ.
2. ಮದರಾಸಿನ ಅಧ್ಯಯನದಲ್ಲಿ ಮನೆಯವರನ್ನೂ ಏಕೆ ಪರೀಕ್ಷಿಸಿದರು?
3. ತುಮಕೂರಿನ ಸಮೀಕ್ಷೆಗೆ ಮುಂಚೆ ತಜ್ಞರು ಹಳ್ಳಿಯವರ ಬಗ್ಗೆ ಏನೆಂದು ತಿಳಿದಿದ್ದರು? ಅದು ಸರಿಯೇ?
4. ತೂತಿನ ಕೊಡದ ಲೆಕ್ಕದಲ್ಲಿ ‘ಅ’, ‘ಆ’, ‘ಇ’ ಮೂರನ್ನೂ ಒಟ್ಟಿಗೆ ಮಾಡಿದರೆ ಎಷ್ಟು ಜನ ಗುಣವಾಗುತ್ತಾರೆ?
5. ನಿಮ್ಮ ಅಜ್ಜ ಅಥವಾ ಅಜ್ಜಿಗೆ ಫೋನು ಮಾಡಿ, ಅವರು ಚಿಕ್ಕವರಿದ್ದಾಗ ಊರಿನ ಆಸ್ಪತ್ರೆ ಹೇಗಿತ್ತು ಎಂದು ಕೇಳಿ, ಹತ್ತು ವಾಕ್ಯ ಬರೆಯಿರಿ.